ಪರದೆಯ ಮೇಲೆ ನಾಲ್ಕು, ಚೀಟಿಯ ಮೇಲೆ ಎರಡು

ಮಾವನ ಸ್ಕೂಟರನ್ನು ನಾನು ಕೆಡಿಸಿದೆ. ಕೆಡಿಸಬೇಕು ಎಂದಲ್ಲ. ಭೂಮಿಯ ಬಿಸಿ ಕಡಿಮೆ ಮಾಡಬೇಕು ಎಂದು!

ನಗಬೇಡಿ. ಹೋದ ವಾರ ಸೋಮವಾರದಿಂದ ಗುರುವಾರದವರೆಗೆ ನಮ್ಮ ಮನೆಯಲ್ಲಿ ಯಾರೂ ನಕ್ಕಿಲ್ಲ. (ಮಾವ ಎರಡು ಸಲ ನಕ್ಕರು. ಎರಡೂ ಸಲ ನನ್ನ ಮುಖ ನೋಡಿ.)

ಈ ಅಂಕಣ ಓದುವವರಿಗೆ ನನ್ನ ಚಟ ಗೊತ್ತು. ನಾನು ಬರೆದಿಡುತ್ತೇನೆ. ಕರೆಂಟ್ ಹೋದ ಹೊತ್ತು, ಬಂದ ಹೊತ್ತು. ಮೊದಲ ಮಾವಿನಹಣ್ಣು ತಳ್ಳುಗಾಡಿಗೆ ಬಂದ ದಿನ. ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ ಒಂದು ಗಂಟೆಗೆ ಕೇಳುವ ಹಾರ್ನ್‌ಗಳು. ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವಳಿಗೆ ಪಟ್ಟಿ ಮಾಡುವುದು ರಕ್ತದಲ್ಲೇ ಇರುತ್ತದೆ. ಪಾರಿವಾಳ ಎಣಿಸಿ ಬರೆದ ವಾರ "ನಿಮಗೆ ಬೇರೆ ಕೆಲಸವಿಲ್ಲವೇ?" ಎಂದು ಕೇಳಿದ ಓದುಗರೇ, ನಿಮ್ಮ ಮಾತನ್ನು ನಾನು ಆಗಲೇ ಕೇಳಬೇಕಿತ್ತು.

ಮಾವ ಅಂದರೆ ಅಮ್ಮನ ತಮ್ಮ, ನಾಗೇಂದ್ರ. ನಮ್ಮ ಜೊತೆಯಲ್ಲೇ ಇರುವವರು. ಹಾರ್ಮೋನಿಯಂ ರಿಪೇರಿ ಅವರ ಕಸುಬು. ಬಸವನಗುಡಿ, ಮಲ್ಲೇಶ್ವರ, ಕುಮಾರ ಪಾರ್ಕ್, ಎಲ್ಲೆಲ್ಲಿ ಭಜನೆ ಮಂಡಳಿ ಇದೆಯೋ ಅಲ್ಲೆಲ್ಲ ಅವರ ಟೂಲ್ ಬಾಕ್ಸ್ ಹೋಗಿ ಬಂದಿದೆ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎಡಗಾಲಿನಲ್ಲಿ ಶಕ್ತಿಯಿಲ್ಲ. ಕಾಲಿಗೆ ಕ್ಯಾಲಿಪರ್ ಎನ್ನುವ ಲೋಹದ ಆಸರೆ, ಕೈಯಲ್ಲಿ ಊರುಗೋಲು. ನಡೆಯುವಾಗ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಾರೆ. ಆದರೆ ಹಿಂದೆ ಎರಡು ಕಡೆ ಚಕ್ರ ಕಟ್ಟಿಸಿದ ಸ್ಕೂಟರ್ ಹತ್ತಿದರೋ, ನಿಲ್ಲುವುದು ಸಿಗ್ನಲ್‌ನಲ್ಲಿ ಮಾತ್ರ. ಅದೂ ಮನಸ್ಸಿದ್ದರೆ.

ಆ ಸ್ಕೂಟರಿಗೆ ಈಗ ಹದಿನೈದು ತುಂಬಿದೆ. ಹದಿನೈದು ತುಂಬಿದ ಗಾಡಿಯ ಆರ್‌ಸಿ ಮತ್ತೆ ಮಾಡಿಸಬೇಕು. ಸಾರಿಗೆ ಕಚೇರಿಗೆ ಗಾಡಿ ತೆಗೆದುಕೊಂಡು ಹೋಗಿ ಇನ್‌ಸ್ಪೆಕ್ಟರಿಗೆ ತೋರಿಸಬೇಕು. ಗುರುವಾರ ಹನ್ನೊಂದು ಗಂಟೆಗೆ ಬರಲು ಹೇಳಿದ್ದರು. ಹೋಗುವಾಗ ಕೈಯಲ್ಲಿ ಎಮಿಷನ್ ಟೆಸ್ಟ್ ಪಾಸಾದ ಚೀಟಿ ಇರಬೇಕು. ಹಳೆಯ ಚೀಟಿಯ ಅವಧಿ ಮುಗಿದಿತ್ತು. ಚೀಟಿ ಇಲ್ಲ ಅಂದರೆ ಆರ್‌ಸಿ ಇಲ್ಲ. ಆರ್‌ಸಿ ಇಲ್ಲ ಅಂದರೆ ಸ್ಕೂಟರ್ ಇಲ್ಲ. ಸ್ಕೂಟರ್ ಇಲ್ಲ ಅಂದರೆ ಮಾವ ಮನೆಯಲ್ಲಿ.

"ಎಲೆಕ್ಟ್ರಿಕ್ ತಗೊಳ್ಳಿ ಮಾವ" ಎಂದು ನಾನು ಒಂದು ವರ್ಷದಿಂದ ಕೊರೆಯುತ್ತಿದ್ದೆ.

"ಎರಡು ಶೋರೂಮ್‌ನಲ್ಲಿ ಕೇಳಿದೀನಿ ಕಣೇ. ಸೈಡ್ ವೀಲ್ ಹಾಕಿಸಿದ್ರೆ ವಾರಂಟಿ ಹೋಗತ್ತಂತೆ. ನನ್ನ ಕಾಲಿಗೇ ವಾರಂಟಿ ಇಲ್ಲ, ಇನ್ನು ಗಾಡಿಗೂ ಇಲ್ಲ ಅಂದ್ರೆ ಹೆಂಗೆ?"

ಸರಿ. ಸೋಮವಾರ ಬೆಳಿಗ್ಗೆ 9.10. ಸ್ಕೂಟರನ್ನು ಸರ್ವಿಸ್‌ಗೆ ಬಿಡಲು ನಾನೇ ಹೋದೆ. ಮೆಕ್ಯಾನಿಕ್ ಮುನಿರಾಜು ಹದಿನೈದು ವರ್ಷದಿಂದ ಆ ಗಾಡಿಯನ್ನು ನೋಡಿಕೊಳ್ಳುತ್ತಿರುವವರು. ಮೀಟರು, ಕಂಪ್ಯೂಟರು ಏನೂ ಇಲ್ಲ. ಕಿವಿಯಿಟ್ಟು ಕೇಳುತ್ತಾರೆ, ಕಾರ್ಬುರೇಟರಿನ ಗಾಳಿ ಸ್ಕ್ರೂ ತಿರುಗಿಸುತ್ತಾರೆ, ತಲೆಯಾಡಿಸುತ್ತಾರೆ. ಅಷ್ಟೇ.

ಈಗ ನನ್ನ ಡೈರಿಯ ವಿಷಯಕ್ಕೆ ಬರುತ್ತೇನೆ. ಆರು ತಿಂಗಳಿಗೊಮ್ಮೆ ಮಾವನ ಜೊತೆ ಎಮಿಷನ್ ಟೆಸ್ಟ್‌ಗೆ ಹೋಗುವವಳು ನಾನೇ. ಸೈಲೆನ್ಸರಿನೊಳಗೆ ಪೈಪ್ ತೂರಿಸುತ್ತಾರೆ, ಪರದೆಯ ಮೇಲೆ ನಾಲ್ಕು ಅಂಕಿ ಬರುತ್ತವೆ. ಕಾರ್ಬನ್ ಮಾನಾಕ್ಸೈಡ್. ಹೈಡ್ರೋಕಾರ್ಬನ್, ಅಂದರೆ ಉರಿಯದೆ ಹೊರಬಿದ್ದ ಪೆಟ್ರೋಲ್. ಕಾರ್ಬನ್ ಡೈಆಕ್ಸೈಡ್. ಆಕ್ಸಿಜನ್. ಕೈಗೆ ಬರುವ ಚೀಟಿಯಲ್ಲಿ ಮೊದಲ ಎರಡು ಮಾತ್ರ ಇರುತ್ತವೆ. ಎಲ್ಲರೂ ಚೀಟಿ ಮಡಚಿ ಜೇಬಿಗಿಟ್ಟು ಹೋಗುತ್ತಾರೆ. ನಾನು ಪರದೆ ನೋಡಿ ನಾಲ್ಕನ್ನೂ ಬರೆದುಕೊಳ್ಳುತ್ತೇನೆ. (ಯಾಕೆ? ಪರದೆಯ ಮೇಲೆ ಇದ್ದವಲ್ಲ, ಅದಕ್ಕೆ.) ಮುನಿರಾಜು ಸ್ಕ್ರೂ ಎಷ್ಟು ಸುತ್ತು ಬಿಚ್ಚಿದರು ಎನ್ನುವುದನ್ನೂ ಪಕ್ಕದಲ್ಲೇ ಬರೆಯುತ್ತೇನೆ.

ಭಾನುವಾರ ಕೂತು ಹಿಂದಿನ ಐದು ಟೆಸ್ಟ್‌ಗಳ ಅಂಕಿಗಳನ್ನು ಒಂದರ ಕೆಳಗೊಂದು ಜೋಡಿಸಿದ್ದೆ. ಡೈಆಕ್ಸೈಡ್ ಪ್ರತಿ ಸಲವೂ ಏರಿದೆ! ಪ್ರತಿ ಸಲವೂ ಮುನಿರಾಜು ಸ್ಕ್ರೂವನ್ನು ಕಾಲು ಸುತ್ತು ಹೆಚ್ಚು ಬಿಚ್ಚಿದ್ದಾರೆ. ಭೂಮಿಯನ್ನು ಬಿಸಿ ಮಾಡುವ ಅನಿಲ ಯಾವುದು ಎಂದು ಎಂಟನೇ ಕ್ಲಾಸಿನ ಹುಡುಗಿಗೂ ಗೊತ್ತು. ಇವರು ಕಣ್ಮುಚ್ಚಿಕೊಂಡು ಸ್ಕ್ರೂ ತಿರುಗಿಸುತ್ತಿದ್ದಾರೆ, ಚೀಟಿ ಕೊಡುವವರು ಆ ಅಂಕಿಯನ್ನೇ ಬಿಟ್ಟುಬಿಡುತ್ತಿದ್ದಾರೆ. ಕಂಡುಹಿಡಿದವಳು ನಾನೊಬ್ಬಳೇ. ಎಷ್ಟು ಹೆಮ್ಮೆ ಗೊತ್ತೇ?

"ಮುನಿರಾಜು ಅವ್ರೇ, ಈ ಸಲ ಸ್ಕ್ರೂ ಉಲ್ಟಾ ತಿರುಗಿಸಿ. ಅರ್ಧ ಸುತ್ತಿಗೆ ನಿಲ್ಲಿಸಿ" ಎಂದೆ.

"ಗಾಳಿ ಸಾಲಲ್ಲ ಮೇಡಂ. ಉಸಿರು ಕಟ್ಟಿದಂಗೆ ಆಗತ್ತೆ."

"ನನ್ನ ಹತ್ರ ಲೆಕ್ಕ ಇದೆ."

ಡೈರಿ ತೆರೆದು ತೋರಿಸಿದೆ. ಐದು ಸಾಲು, ಆರು ಕಾಲಮ್ಮು, ಕೆಂಪು ಪೆನ್ನಿನಲ್ಲಿ ಬಾಣದ ಗುರುತು. ಮುನಿರಾಜು ಅದನ್ನು ಬಹಳ ಹೊತ್ತು ನೋಡಿದರು. ಬರೆದಿಟ್ಟಿದ್ದಕ್ಕೆ ನಮ್ಮ ಜನ ಕೊಡುವ ಮರ್ಯಾದೆ ದೊಡ್ಡದು. "ಲೆಕ್ಕ ಇದೆ ಅಂತೀರ, ಆಯ್ತು ಬಿಡಿ" ಎಂದು ತಿರುಗಿಸಿದರು. ಗಾಡಿ ಕೆಮ್ಮಿತು. ನಾನು ಅದನ್ನೂ ಬರೆದುಕೊಂಡೆ.

ಮಂಗಳವಾರ 10.25. ಪೆಟ್ರೋಲ್ ಬಂಕಿನ ಪಕ್ಕ ನಿಲ್ಲುವ ಎಮಿಷನ್ ಟೆಸ್ಟ್ ವ್ಯಾನ್. ಅದನ್ನು ನಡೆಸುವವರು ಮಂಜುಳಾ ಎನ್ನುವ ಮೂವತ್ತೈದರ ಹೆಂಗಸು. ಮಾವ ಸ್ಕೂಟರ್ ಮೇಲೇ ಕೂತಿದ್ದರು. ಮನೆಯಿಂದ ಅಲ್ಲಿಗೆ ಬರುವಷ್ಟರಲ್ಲಿ ಗಾಡಿ ಮೂರು ಸಲ ಆಫ್ ಆಗಿತ್ತು. ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ನನಗೆ ಅದಾವುದೂ ಬೇಕಿರಲಿಲ್ಲ. ನನ್ನ ಕಣ್ಣು ಪರದೆಯ ಮೂರನೇ ಅಂಕಿಯ ಮೇಲೆ.

ಇಳಿಯಿತು! ಡೈಆಕ್ಸೈಡ್ ಇಳಿಯಿತು!

"ಮಾವ, ಇಳಿದಿದೆ ನೋಡಿ!"

"ಏನು ಇಳಿದಿದೆಯಮ್ಮ? ಫೇಲ್ ಆಗಿದೆ" ಎಂದರು ಮಂಜುಳಾ.

ಮಾನಾಕ್ಸೈಡ್ ಮಿತಿ ದಾಟಿ ಎಲ್ಲೋ ಹೋಗಿತ್ತು. ಹೈಡ್ರೋಕಾರ್ಬನ್ ಅದರ ಹಿಂದೆಯೇ. ಮಂಜುಳಾ ಸೈಲೆನ್ಸರಿನ ಬಾಯಿಗೆ ಬೆರಳಿಟ್ಟು ತೋರಿಸಿದರು. ಕಾಡಿಗೆ ಹಚ್ಚಿದಂತೆ ಕಪ್ಪು.

ನಾನು ಡೈರಿ ತೆಗೆದೆ. ಬೇರೇನು ಮಾಡಲಿ? ಐದು ಸಾಲು, ಆರು ಕಾಲಮ್ಮು ಮತ್ತೆ ಹೊರಬಂದವು. ಮಂಜುಳಾ ಓದಿದರು. ಆಮೇಲೆ ನನ್ನನ್ನೇ ನೋಡಿದರು, ತಪ್ಪು ಉತ್ತರವನ್ನು ಅಂದವಾಗಿ ಬರೆದ ಮಗುವನ್ನು ಟೀಚರ್ ನೋಡುವ ಹಾಗೆ.

"ಪೆಟ್ರೋಲ್‌ನಲ್ಲಿರೋ ಕಾರ್ಬನ್ ಎಲ್ಲಿಗಾದ್ರೂ ಹೋಗ್ಲೇಬೇಕಲ್ಲಮ್ಮ? ಪೂರ್ತಿ ಉರಿದ್ರೆ ಡೈಆಕ್ಸೈಡ್ ಆಗತ್ತೆ. ಅರ್ಧಂಬರ್ಧ ಉರಿದ್ರೆ ಮಾನಾಕ್ಸೈಡ್, ಮಸಿ, ವಿಷ. ಈ ಮೆಷಿನ್‌ನಲ್ಲಿ ಡೈಆಕ್ಸೈಡ್ ಜಾಸ್ತಿ ಬಂದ್ರೆ ಇಂಜಿನ್ ಚೆನ್ನಾಗಿದೆ ಅಂತ ಅರ್ಥ. ನಿಮ್ಮ ಮೆಕ್ಯಾನಿಕ್ ಎರಡೂವರೆ ವರ್ಷದಿಂದ ಸರಿಯಾಗೇ ಮಾಡ್ತಿದ್ರು. ನೀವು ಕೆಡಿಸಿದೀರ."

"ಆದ್ರೆ ಭೂಮಿಯ ಬಿಸಿ..."

"ಅದಕ್ಕೆ ಹೊಗೆಯಲ್ಲಿ ಶೇಕಡಾ ಎಷ್ಟು ಅಂತ ನೋಡಬಾರ್ದು. ಲೀಟರ್ ನೋಡ್ಬೇಕು. ನಿನ್ನೆಯಿಂದ ಪೆಟ್ರೋಲ್ ಎಷ್ಟು ಕುಡೀತು?"

ಎಷ್ಟು ಕುಡಿಯಿತು ಎನ್ನುವುದೂ ನನ್ನ ಡೈರಿಯಲ್ಲಿತ್ತು. ಓದಿ ಹೇಳಲು ನಾಚಿಕೆಯಾಯಿತು. ಅಂದರೆ ನಾನು ಗಾಳಿಯನ್ನೂ ಕೆಡಿಸಿದೆ, ಬಿಸಿಯನ್ನೂ ಇಳಿಸಲಿಲ್ಲ. ಇಳಿದದ್ದು ಒಂದು ಅಂಕಿ ಮಾತ್ರ. ಮಾವ ನಕ್ಕದ್ದು ಆಗ. ಮೊದಲನೇ ಸಲ.

ಅಲ್ಲಿಂದ ಶುರುವಾಯಿತು ನನ್ನ ಚಡಪಡಿಕೆ. ಗುರುವಾರಕ್ಕೆ ಇನ್ನು ಎರಡೇ ದಿನ. ಮುನಿರಾಜು ಅಂಗಡಿಗೆ ಬೀಗ. ಫೋನ್ ಮಾಡಿದರೆ, ತಂಗಿಯ ಮನೆಯ ಗೃಹಪ್ರವೇಶಕ್ಕೆ ಕೋಲಾರದಲ್ಲಿದ್ದಾರೆ, ಬರುವುದು ಬುಧವಾರ ಸಂಜೆ. ಬೇರೆಯವರ ಕೈಗೆ ಕೊಡಲು ಮಾವ ಒಪ್ಪಲಿಲ್ಲ. ಕೈಯಲ್ಲೇ ಬ್ರೇಕ್ ಹಿಡಿಯುವಂತೆ ಬದಲಿಸಿದ ಗಾಡಿ ಅದು, ತಿಳಿಯದವರು ಮುಟ್ಟಿದರೆ ಇನ್ನೊಂದು ಕೆಡುತ್ತದೆ. "ಪೈಪ್ ಹಾಕ್ದೇನೇ ಪಾಸ್ ಚೀಟಿ ಕೊಡೋ ಕಡೆ ಇದೆ, ಹೇಳ್ಲಾ?" ಎಂದರು ಮುನಿರಾಜು ಫೋನಿನಲ್ಲಿ. ಫೋನ್ ಸ್ಪೀಕರಿನಲ್ಲಿತ್ತು.

"ಹಾರ್ಮೋನಿಯಂ ಪೆಟ್ಟಿಗೆ ತೆಗೀದೇನೇ ಶ್ರುತಿ ಸರಿ ಇದೆ ಅಂತ ನಾನು ಯಾರಿಗಾದ್ರೂ ಹೇಳಿದೀನೇನಪ್ಪಾ?" ಎಂದರು ಮಾವ. ಮಾತು ಮುಗಿಯಿತು.

ಆ ದಿನವಿಡೀ ನಾನು ಓದಿದೆ. ಲೈಬ್ರರಿಯಲ್ಲಿ ಇರುವುದರ ಒಂದೇ ಲಾಭ ಇದು. ಓದುತ್ತಾ ಹೋದಂತೆ ತಿಳಿಯಿತು, ಒಂದೇ ಅಂಕಿ ಹಿಡಿದು ಸ್ಕ್ರೂ ತಿರುಗಿಸಿದವಳು ನಾನೊಬ್ಬಳೇ ಅಲ್ಲ. ದೊಡ್ಡ ದೊಡ್ಡ ಸರ್ಕಾರಗಳೂ ತಿರುಗಿಸಿವೆ.

ಡೀಸೆಲ್ ಕಾರು ನೆನಪಿದೆಯೇ? ಒಂದು ಕಾಲಕ್ಕೆ ಎಷ್ಟೋ ದೇಶಗಳು ಅದಕ್ಕೆ ಬೆನ್ನು ತಟ್ಟಿದವು. ಲೀಟರಿಗೆ ಹೆಚ್ಚು ಓಡುತ್ತದೆ, ಆದ್ದರಿಂದ ಡೈಆಕ್ಸೈಡ್ ಕಡಿಮೆ, ಹವಾಮಾನಕ್ಕೆ ಒಳ್ಳೆಯದು. ಸರಿಯೇ. ಅದರ ಮಸಿ ಯಾರ ಎದೆಗೂಡಿಗೆ ಹೋಯಿತು? ಅದು ಬೇರೆ ಇಲಾಖೆಯ ಫೈಲು.

ಉಲ್ಟಾ ಕಥೆಯೂ ಇದೆ. ಕಲ್ಲಿದ್ದಲಿನ ಗಂಧಕದ ಹೊಗೆ ಇದೆಯಲ್ಲ, ಅದು ಆಕಾಶದಲ್ಲಿ ತೆಳ್ಳಗೆ ಹರಡಿ ಬಿಸಿಲನ್ನು ಸ್ವಲ್ಪ ವಾಪಸ್ ಕಳಿಸುತ್ತದಂತೆ. ಕೊಳಕು ಕೊಡೆಯ ಹಾಗೆ. ಗಾಳಿ ಶುದ್ಧ ಮಾಡಿದರೆ ಆ ಕೊಡೆ ಮಡಚಿದ ಹಾಗೆ, ಅಡಗಿದ್ದ ಬಿಸಿ ತಲೆಗೆ ತಾಕುತ್ತದೆ. ಹಾಗಂತ ಹೊಗೆ ಇರಲಿ ಎನ್ನುತ್ತೀರಾ? ಆ ಹೊಗೆ ಕುಡಿದು ಜನ ಸಾಯುತ್ತಾರೆ. ಹೊಗೆಯನ್ನೂ ನಿಲ್ಲಿಸಬೇಕು, ಬಿಸಿಯನ್ನೂ ಇಳಿಸಬೇಕು, ಎರಡನ್ನೂ ಒಟ್ಟಿಗೆ. ಒಂದನ್ನು ಈ ವರ್ಷ, ಇನ್ನೊಂದನ್ನು ಆಮೇಲೆ ನೋಡೋಣ ಎಂದರೆ ಮಾವನ ಸ್ಕೂಟರಿನ ಗತಿಯೇ.

ಇದನ್ನೆಲ್ಲ ಮಂಗಳವಾರ ಸಂಜೆ ಕಾಫಿ ಹೊತ್ತಿಗೆ ಮಾವನ ಮುಂದೆ ಸುರಿದೆ. ಅವರು ಯಾವುದೋ ಹಾರ್ಮೋನಿಯಂನ ಹಿತ್ತಾಳೆ ರೀಡ್ ಕೆರೆದು ಶ್ರುತಿ ಮಾಡುತ್ತಿದ್ದರು.

"ಇದಕ್ಕೆ ಇಷ್ಟು ಪುಸ್ತಕ ಓದಿದ್ಯಾ? ಪಂಚಮ ಪಕ್ಕಾ ಮಾಡೋಕೆ ಹೋದ್ರೆ ಗಾಂಧಾರ ಮುನಿಸ್ಕೊಳತ್ತೆ. ಗಾಂಧಾರ ಸಮಾಧಾನ ಮಾಡಿದ್ರೆ ಪಂಚಮ ಮೂತಿ ತಿರುಗಿಸತ್ತೆ. ಎಲ್ಲಾ ಸ್ವರದ ಮನೆಗಳನ್ನೂ ಒಟ್ಟಿಗೆ ಒತ್ತಿ ಕೇಳ್ಕೊಂಡು ಕೆರೀಬೇಕು. ಒಂದೊಂದೇ ಕೆರೆಯೋನು ಕೆಲಸಗಾರ ಅಲ್ಲ" ಎಂದರು. ಆಮೇಲೆ ಕನ್ನಡಕದ ಮೇಲಿಂದ ನೋಡಿ, "ನಾಳೆ ನಂಗೆ ಮಲ್ಲೇಶ್ವರಕ್ಕೆ ಹೋಗ್ಬೇಕು. ಈ ಪೆಟ್ಟಿಗೆ ಮಧ್ಯಾಹ್ನದೊಳಗೆ ಕೊಡ್ಬೇಕು. ಅದರ ಲೆಕ್ಕ ಏನಾದ್ರೂ ಇದ್ಯಾ ನಿನ್ ಹತ್ರ?"

ನನ್ನ ಹತ್ತಿರ ಉತ್ಸಾಹವಿತ್ತು. ಬಸ್ಸಿನಲ್ಲಿ ಹೋಗೋಣ ಎಂದೆ! ಹೊಸ ಎಲೆಕ್ಟ್ರಿಕ್ ಬಸ್ಸು. ಹೊಗೆ ಇಲ್ಲ. ಅರವತ್ತು ಜನ ಒಂದೇ ಗಾಡಿಯಲ್ಲಿ. (ಅದಕ್ಕೆ ಬೇಕಾದ ಕರೆಂಟಿಗಾಗಿ ಎಲ್ಲೋ ದೂರದ ಊರಿನಲ್ಲಿ ಕಲ್ಲಿದ್ದಲು ಉರಿಯುತ್ತಿರಬಹುದು, ಆ ಊರಿನವರೂ ಉಸಿರಾಡುತ್ತಾರೆ ಎನ್ನುವುದು ಸದ್ಯಕ್ಕೆ ಬದಿಗಿರಲಿ.) ಬಿಸಿಯ ಕಾಲಮ್ಮು, ಹೊಗೆಯ ಕಾಲಮ್ಮು, ಎರಡೂ ಒಟ್ಟಿಗೆ ಇಳಿಯುವ ದಾರಿ ಇದ್ದರೆ ಇದೇ. ಪುಸ್ತಕಗಳೆಲ್ಲ ಒಪ್ಪಿದ ದಾರಿ.

ಬುಧವಾರ 9.40. ಮನೆಯಿಂದ ಹೊರಟೆವು. ಪೆಟ್ಟಿಗೆ ನನ್ನ ಕೈಯಲ್ಲಿ, ಟೂಲ್ ಬಾಕ್ಸ್ ಹೆಗಲಲ್ಲಿ.

ನಮ್ಮ ಮನೆಯಿಂದ ಬಸ್ ಸ್ಟಾಪ್‌ಗೆ ನನಗೆ ಐದು ನಿಮಿಷ. ಮಾವನಿಗೆ ಇಪ್ಪತ್ತೆರಡು. ಫುಟ್‌ಪಾತ್ ಇಳಿದು ಮತ್ತೆ ಹತ್ತಬೇಕಾದ ಜಾಗಗಳು ಒಂಬತ್ತು. ಎದ್ದ ಚಪ್ಪಡಿ ನಾಲ್ಕು. ಟ್ರಾನ್ಸ್‌ಫಾರ್ಮರ್ ಒಂದು, ಅದನ್ನು ಬಳಸಿಕೊಂಡು ರಸ್ತೆಗಿಳಿಯಲೇಬೇಕು. ಫುಟ್‌ಪಾತ್ ಮೇಲೆ ನಿಂತ ಬೈಕು ಹನ್ನೊಂದು. ಹದಿನಾರು ವರ್ಷದಿಂದ ನಾನು ಓಡಾಡುವ ರಸ್ತೆ ಇದು. ಇಷ್ಟೆಲ್ಲ ಎಣಿಸುವವಳು ಇವನ್ನು ಯಾಕೆ ಎಣಿಸಿರಲಿಲ್ಲ?

ಮೊದಲ ಬಸ್ಸು ಬಂತು. ಎಲೆಕ್ಟ್ರಿಕ್ಕೇ. ಸದ್ದಿಲ್ಲ, ಹೊಗೆಯಿಲ್ಲ, ನೋಡಲು ಚೆಂದ. ಸ್ಟಾಪಿನ ಮುಂದೆ ಆಟೋಗಳು ನಿಂತಿದ್ದವು, ಹಾಗಾಗಿ ಬಸ್ಸು ರಸ್ತೆಯ ನಡುವೆಯೇ ನಿಂತಿತು. ಫುಟ್‌ಪಾತ್ ಮೇಲಿಂದ ಹತ್ತುವಂತಿಲ್ಲ, ರಸ್ತೆಯಿಂದಲೇ ಹತ್ತಬೇಕು. ಮಾವ ಕಂಬಿ ಹಿಡಿದರು. ಮೊದಲ ಮೆಟ್ಟಿಲು ಅವರ ಮೊಣಕಾಲಿನ ಎತ್ತರಕ್ಕಿತ್ತು. ಬಲಗಾಲು ಇಟ್ಟರು. ಎಡಗಾಲು ಎತ್ತಲು ಆಗಲಿಲ್ಲ. ನಾನು ಪೆಟ್ಟಿಗೆ ಹಿಡಿದುಕೊಂಡೇ ಹಿಂದಿನಿಂದ ತಳ್ಳಲು ನೋಡಿದೆ.

"ತಳ್ಬೇಡ ಕಣೇ, ಬೀಳ್ತೀನಿ!"

"ಬೇಗ ಯಜಮಾನ್ರೇ, ಹಿಂದೆ ಹಾರ್ನ್ ಹೊಡೀತಿದಾರೆ" ಎಂದ ಕಂಡಕ್ಟರ್. ಒರಟಾಗಿ ಅಲ್ಲ. ಕೈ ಕೂಡ ಚಾಚಿದ. ಆದರೆ ಎಷ್ಟು ಹೊತ್ತು ಚಾಚಿರಬಲ್ಲ? ಮಾವ ಬಲಗಾಲು ಕೆಳಗಿಳಿಸಿದರು. "ಹೋಗಪ್ಪಾ, ಹೋಗು" ಎಂದರು. ಬಸ್ಸು ಸದ್ದಿಲ್ಲದೆ ಹೊರಟಿತು.

ಎರಡನೆಯದೂ ಅಷ್ಟೇ. ಮೂರನೆಯದಕ್ಕೆ ಮಾವ ಕೈ ಅಡ್ಡ ಮಾಡಲೇ ಇಲ್ಲ. ಮುಖ ಬೆವರಿತ್ತು. ನಾಲ್ಕು ಜನ ನೋಡುತ್ತಿದ್ದರು. ಸ್ಟಾಪಿನ ಬೆಂಚಿನಿಂದ ಒಬ್ಬಾಕೆ ಎದ್ದು ಜಾಗ ಕೊಟ್ಟರು. ಮಾವನಿಗೆ ಆ ಜಾಗ ಬೇಕಿರಲಿಲ್ಲ. ಹದಿನೈದು ವರ್ಷದಿಂದ ಯಾರ ಹತ್ತಿರವೂ ಜಾಗ ಕೇಳದೆ ಊರು ತಿರುಗಿದವರು ಅವರು. ನನ್ನಿಂದಾಗಿ ಅಲ್ಲಿ ನಿಂತಿದ್ದರು. ನಾನು ಪೆಟ್ಟಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಾ ಇದ್ದೆ.

ಕೊನೆಗೆ ಆಟೋ. ಮಲ್ಲೇಶ್ವರ ತಲುಪಿದಾಗ 11.35. ಭಜನೆ ಮಂಡಳಿಯವರು ಬಾಗಿಲಲ್ಲೇ "ಯಾಕ್ ಸಾರ್ ಲೇಟು, ಸ್ಕೂಟರ್ ಎಲ್ಲಿ?" ಎಂದರು. ಮಾವ ನನ್ನ ಕಡೆ ಬೆರಳು ತೋರಿಸಿ, "ಭೂಮಿ ಉಳಿಸ್ತಿದಾಳೆ" ಎಂದು ನಕ್ಕರು. ಎರಡನೇ ಸಲ.

ಬುಧವಾರ ಸಂಜೆ 6.30. ಮುನಿರಾಜು ಕೋಲಾರದಿಂದ ಬಂದವರು ನೇರ ನಮ್ಮ ಮನೆಗೇ ಬಂದರು. ಸ್ಕ್ರೂ ಬಿಚ್ಚಿದರು, ಮಸಿ ಹಿಡಿದ ಪ್ಲಗ್ ಕಿತ್ತು ಹೊಸದು ಹಾಕಿದರು, ಕಿವಿಯಿಟ್ಟು ಕೇಳಿದರು. "ಲೆಕ್ಕ ಏನಾದ್ರೂ ಇದ್ಯಾ ಮೇಡಂ ಇವತ್ತು?" ಎಂದರು. ಇಲ್ಲ ಎಂದೆ.

ಗುರುವಾರ 9.05. ಮಂಜುಳಾ ಅವರ ವ್ಯಾನಿನ ಮುಂದೆ ನಾವೇ ಮೊದಲು. ಪೈಪ್ ಹಾಕಿದರು. ಮಾನಾಕ್ಸೈಡ್ ಮಿತಿಯ ಮೇಲೆಯೇ ಕುಣಿಯುತ್ತಿತ್ತು. ಹನ್ನೊಂದಕ್ಕೆ ಇನ್‌ಸ್ಪೆಕ್ಷನ್. ಇವತ್ತು ಆಗದಿದ್ದರೆ ಮತ್ತೆ ಯಾವಾಗಲೋ. ಅಲ್ಲಿಯವರೆಗೆ? ಆ ಮೆಟ್ಟಿಲು, ಆ ನಾಲ್ಕು ಜನರ ಕಣ್ಣು.

"ಇಂಜಿನ್ ತಣ್ಣಗಿದೆ ಸಾರ್. ನ್ಯಾಷನಲ್ ಕಾಲೇಜ್ ತನಕ ಒಂದು ರೌಂಡ್ ಹೊಡ್ಕೊಂಡ್ ಬನ್ನಿ, ಬಿಸಿ ಆಗ್ಲಿ" ಎಂದರು ಮಂಜುಳಾ.

ಮಾವ ಹೋದರು. ನಾನು ವ್ಯಾನಿನ ಸುತ್ತ ತಿರುಗಿದೆ. ಎಷ್ಟು ಸುತ್ತು ಎಂದು ಕೇಳಬೇಡಿ. ಜೀವನದಲ್ಲಿ ಮೊದಲ ಬಾರಿ ಎಣಿಸಲಿಲ್ಲ.

ವಾಪಸ್ ಬಂದರು. ಮತ್ತೆ ಪೈಪ್. ಮಾನಾಕ್ಸೈಡ್ ಇಳಿಯಿತು, ಹೈಡ್ರೋಕಾರ್ಬನ್ ಇಳಿಯಿತು, ಡೈಆಕ್ಸೈಡ್ ಏರಿತು. ಏರುತ್ತಾ ಹೋಯಿತು. ನಾನು ಚಪ್ಪಾಳೆ ತಟ್ಟಿದೆ. ಡೈಆಕ್ಸೈಡ್ ಏರಿದ್ದಕ್ಕೆ ಚಪ್ಪಾಳೆ ತಟ್ಟಿದವರು ಈ ಊರಿನಲ್ಲಿ ಇನ್ಯಾರಾದರೂ ಇದ್ದಾರೆಯೇ? ಚೀಟಿಯಲ್ಲಿ ಮಾತ್ರ ಎಂದಿನಂತೆ ಎರಡೇ ಅಂಕಿ.

ಹನ್ನೊಂದಕ್ಕೆ ಸಾರಿಗೆ ಕಚೇರಿಯಲ್ಲಿ ಇನ್‌ಸ್ಪೆಕ್ಟರ್ ಗಾಡಿಯ ಸುತ್ತ ಒಂದು ಸುತ್ತು ಬಂದರು. ಚಾಸಿ ನಂಬರ್ ನೋಡಿದರು, ಪಕ್ಕದ ಚಕ್ರ ಅಲುಗಾಡಿಸಿದರು, ಚೀಟಿ ನೋಡಿದರು, ಸಹಿ ಹಾಕಿದರು. "ಐದು ವರ್ಷ ಓಡಿಸಿ ಸಾರ್" ಎಂದರು. ನನಗೆ ಕಣ್ಣಲ್ಲಿ ನೀರು ಬಂತು. ಮಾವನಿಗೆ ಹಸಿವು ಬಂತು.

ತಿಂಡಿಗೆ ಕೂತಾಗ ನಾನು ಲೆಕ್ಕ ಶುರು ಮಾಡಿದೆ. ಹದಿನೈದು ವರ್ಷದ ಹಳೇ ಇಂಜಿನ್ ಇನ್ನೂ ಐದು ವರ್ಷ ರಸ್ತೆಯಲ್ಲಿ. ಗಾಳಿಗೆ ಒಳ್ಳೆಯದಲ್ಲ. ಬಿಸಿಗೂ ಒಳ್ಳೆಯದಲ್ಲ. ಹಳೇ ಗಾಡಿ ಗುಜರಿಗೆ ಹಾಕಿ ಎನ್ನುವ ನಿಯಮ ಸುಮ್ಮನೆ ಬಂದದ್ದಲ್ಲ. ಐದು ವರ್ಷಕ್ಕೆ ಎಷ್ಟು ಲೀಟರ್, ಎಷ್ಟು ಹೊಗೆ, ಅದರಲ್ಲಿ ಮಾವನ ಪಾಲು ಎಷ್ಟು, ರಸ್ತೆಯ ನಡುವೆ ನಿಲ್ಲುವ ಬಸ್ಸಿನ ಪಾಲು ಎಷ್ಟು, ಒಂಬತ್ತು ಕಡೆ ಇಳಿದು ಹತ್ತಿಸುವ ಫುಟ್‌ಪಾತಿನ ಪಾಲು ಎಷ್ಟು?

ಮಾವ ಇಡ್ಲಿ ಮುಗಿಸಿ, ಕೈ ತೊಳೆದು ಬಂದು, ನನ್ನ ಡೈರಿಯ ಖಾಲಿ ಕಾಲಮ್ಮಿನ ಮೇಲೆ ಒದ್ದೆ ಬೆರಳಿಟ್ಟರು.

"ಬರ್ಕೋ. ಐದು ವರ್ಷ ಆದ್ಮೇಲೂ ನನ್ನ ಕಾಲು ಇಷ್ಟೇ ಇರತ್ತೆ. ಬಸ್ಸಿನ ಮೆಟ್ಟಿಲು ಎಷ್ಟಿರತ್ತೆ?"